ನಂಬರ್ ಎಷ್ಟು ಗುರೂ?

ಒಂದು ಹಾಡಿನ ಕೀ, ಅಂದ್ರೆ ಅದು ಯಾವ ಸ್ವರದ ಮೇಲೆ ನಿಂತಿದೆ ಅನ್ನೋದು, ಯಾವುದಪ್ಪಾ ಅಂತ ಕೇಳಿದ್ರೆ ಒಂದು ಉತ್ತರ ಬರ್ಬೇಕು ತಾನೆ? ಎರಡು ಹಾಡು ಬೆರೆಸಿದಾಗ ಕಚ್ಚಾಡದೇ ಇರಲಿ ಅಂತ ನಮ್ಮಂಥ ಡೀಜೆಗಳು ನೋಡೋದು ಇದನ್ನೇ. ನನ್ ಹತ್ರ ಒಂದು ಟ್ರ್ಯಾಕ್ ಇದೆ, ಅದಕ್ಕೆ ಸದ್ಯಕ್ಕೆ ಮೂರು ಉತ್ತರ ಇದಾವೆ. ದುಡ್ಡು ಕೊಟ್ಟು ತಗೊಂಡ ಸಾಫ್ಟ್‌ವೇರ್ 8ಎ ಅನ್ನುತ್ತೆ, ಮಿಕ್ಸ್ ಮಾಡೋ ಪ್ರೋಗ್ರಾಮ್ ಒಳಗೇ ಇರೋದು 11ಬಿ ಅನ್ನುತ್ತೆ, ಪುಕ್ಕಟೆ ಇಳಿಸ್ಕೊಂಡಿದ್ದು 9ಎ ಅನ್ನುತ್ತೆ. ಅದೇ ಫೈಲು, ಅದೇ ಲ್ಯಾಪ್‌ಟಾಪು. ಮೂರಕ್ಕೂ ಒಂಚೂರೂ ಅಳುಕಿಲ್ಲ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕೋ ಸೌಜನ್ಯಾನೂ ಇಲ್ಲ.

ಜಗಳ ನಿಜವಾಗ್ಲೂ ಇದೆಯಾ ಅಂತ ಕಂಡುಹಿಡಿಯೋದೇ ಒಂದು ಕೆಲಸ. ಕೀಗಳು ಮೇಜರ್, ಮೈನರ್ ಅಂತ ಎರಡು ಬಗೆ. ಅವನ್ನ ಗಡಿಯಾರದ ಥರ 1ರಿಂದ 12ರ ತನಕ ಜೋಡಿಸಿ, ಮೈನರ್‌ಗೆ ಎ, ಮೇಜರ್‌ಗೆ ಬಿ ಅಂತ ಬಾಲ ಅಂಟಿಸಿದ್ದೇ ಕ್ಯಾಮೆಲಾಟ್ ಚಕ್ರ. ಮಿಕ್ಸ್ಡ್ ಇನ್ ಕೀ ಅನ್ನೋ ಸಾಫ್ಟ್‌ವೇರ್ ಬಳಸೋ ಈ ಚಕ್ರದಲ್ಲಿ ಎ ಮೈನರ್ ಅಂದ್ರೆ 8ಎ, ಅದೇ ಎ ಮೈನರ್ ಟ್ರಾಕ್ಟರ್ ಅನ್ನೋ ಡೀಜೆ ಪ್ರೋಗ್ರಾಮಲ್ಲಿ 1ಎಂ. ಎರಡು ಪ್ರೋಗ್ರಾಮ್ ಒಪ್ತಾನೇ ಇಲ್ವಲ್ಲ ಅಂತ ಬೈಕೊಂಡು ಕೂತಿರ್ತೀವಿ, ಕೊನೆಗೆ ನೋಡಿದ್ರೆ ಇಬ್ಬರೂ ಮೊದ್ಲಿಂದ ಒಂದೇ ಮಾತು ಹೇಳ್ತಿರ್ತಾರೆ. ಇದ್ರ ಮೇಲೆ ಒಂದೊಂದು ಸಾಫ್ಟ್‌ವೇರೂ ತನ್ನ ತೀರ್ಪನ್ನ ಫೈಲ್ ಹೆಸರಿನ ಮುಂದೆ ಅಂಟಿಸಿ ಹೋಗುತ್ತೆ, ಹಳೇದನ್ನ ಅಳಿಸೋದು ತನ್ನ ಕೆಲಸ ಅಲ್ಲ ಅನ್ನೋ ಥರ. ನನ್ನ ಪ್ಲೇಯರ್ ಪರದೆ ಮೇಲೆ ಈಗ ಆ ಟ್ರ್ಯಾಕ್ ಹೆಸರು ‘8ಎ - 11ಬಿ - 9ಎ - ದ…’ ಅಂತ ಕಾಣುತ್ತೆ. ಅಲ್ಲಿಗೆ ಜಾಗ ಮುಗೀತು. ಕತ್ತಲಲ್ಲಿ ನಿಂತ್ಕೊಂಡು ಆ ‘ದ’ ಯಾರಪ್ಪಾ ಅಂತ ಯೋಚಿಸ್ಬೇಕು.

ಪಾಪ, ಸಾಫ್ಟ್‌ವೇರ್‌ದೂ ಪೂರ್ತಿ ತಪ್ಪಿಲ್ಲ ಅನ್ನಿ. ಅದು ಮಾಡೋದಿಷ್ಟೇ, ಹಾಡಲ್ಲಿರೋ ಎಲ್ಲಾ ಸದ್ದನ್ನೂ ಹನ್ನೆರಡು ಸ್ವರಗಳ ಡಬ್ಬಿಗೆ ಹಂಚಿ ಯಾವ ಡಬ್ಬಿ ಎಷ್ಟು ತುಂಬಿತು ಅಂತ ನೋಡುತ್ತೆ, ಆಮೇಲೆ ಹನ್ನೆರಡು ಮೇಜರ್ ಹನ್ನೆರಡು ಮೈನರ್ ಒಟ್ಟು ಇಪ್ಪತ್ನಾಲ್ಕು ಮಾದರಿ ಜೊತೆ ತಾಳೆ ಹಾಕಿ ಹತ್ತಿರ ಬಂದಿದ್ದನ್ನ ಘೋಷಿಸುತ್ತೆ. ಆ ಮಾದರಿಗಳ ಪೈಕಿ ತುಂಬಾ ಹೆಸರಾಗಿದ್ದು ಕ್ರುಮ್ಹಾನ್ಸಲ್ ಮತ್ತು ಕೆಸ್ಲರ್ ಅನ್ನೋ ಸಂಶೋಧಕರು 1982ರಲ್ಲಿ ಪ್ರಕಟಿಸಿದ್ದು, ಅವ್ರು ಜನಾನ ಕೂರಿಸಿ ಮೊದ್ಲು ಒಂದು ತುಣುಕು ಕೇಳಿಸಿ, ಆಮೇಲೆ ಒಂದೊಂದೇ ಸ್ವರ ಕೇಳಿಸಿ ‘ಹಿಂದೆ ಬಂದಿದ್ದಕ್ಕೆ ಇದು ಎಷ್ಟು ಹೊಂದುತ್ತೆ’ ಅಂತ ಅಂಕ ಹಾಕಿಸಿದ್ರು. ಅಂದ್ರೆ ಕಿವಿ ನಂಬೋಕಾಗಲ್ಲ ಅಂತ ನಾವು ಸಾಫ್ಟ್‌ವೇರ್ ಹತ್ರ ಹೋದ್ರೆ ಅದರ ಬುಡದಲ್ಲೂ ಯಾರದ್ದೋ ಕಿವಿನೇ ಇರುತ್ತೆ!

ಇನ್ನು ನನ್ನ ಆ ಟ್ರ್ಯಾಕಲ್ಲಿ ಇರೋದೇನು? ಉದ್ದಕ್ಕೂ ಡ್ರಮ್ಮು, ಕೆಳಗೆ ಎ ಸ್ವರ ಒಂದನ್ನೇ ಗುಂಯ್‌ಗುಡಿಸೋ ಬೇಸು. ಮೇಜರ್ರೋ ಮೈನರ್ರೋ ಅಂತ ಹೇಳೋಕೆ ಸಿ ಬೇಕು ಇಲ್ಲಾ ಸಿ ಶಾರ್ಪ್ ಬೇಕು, ಎರಡೂ ಇಲ್ಲ. ಇಲ್ಲದೇ ಇರೋದನ್ನ ಹುಡುಕು ಅಂದ್ರೆ ಅದಾದ್ರೂ ಎಲ್ಲಿಂದ ತರುತ್ತೆ, ಬಾಯಿಗೆ ಬಂದಿದ್ದು ಹೇಳುತ್ತೆ. ಆದ್ರೆ ‘ಗೊತ್ತಿಲ್ಲ’ ಅಂತ ಒಂದ್ಸಲಾನೂ ಹೇಳಲ್ಲ, ನನಗೆ ಉರಿಯೋದು ಅಲ್ಲೇ.

ಇಂಥ ಸಾಫ್ಟ್‌ವೇರ್‌ಗಳನ್ನ ಪರೀಕ್ಷೆ ಮಾಡೋ ಮೈರೆಕ್ಸ್ ಅಂತ ಒಂದು ಸ್ಪರ್ಧೆ ಇದೆ. ಅಲ್ಲಿ ಸರಿ ಉತ್ತರಕ್ಕೆ 1 ಅಂಕ, ಐದನೇ ಸ್ವರದ ಕೀ ಹೇಳಿದ್ರೆ 0.5, ರಿಲೇಟಿವ್, ಅಂದ್ರೆ ಅವೇ ಸ್ವರಗಳಿರೋ ಮೇಜರ್ ಮೈನರ್ ಅದಲುಬದಲು ಮಾಡಿದ್ರೆ 0.3, ಪ್ಯಾರಲಲ್, ಅಂದ್ರೆ ಒಂದೇ ಸ್ವರದ ಮೇಲೆ ನಿಂತಿರೋ ಮೇಜರ್ ಮೈನರ್ ಅದಲುಬದಲಾದ್ರೆ 0.2. ತಪ್ಪಿಗೂ ದರ್ಜೆ ಇದೆ ನೋಡಿ. ಮೊದ್ಲು ನಕ್ಕುಬಿಟ್ಟೆ, ಆಮೇಲೆ ಅನ್ನಿಸ್ತು ಡೀಜೆಗಳಿಗೆ ಬೇಕಾಗಿರೋ ಲೆಕ್ಕ ಇದೇ ಅಂತ. 8ಎ ಇದ್ದಿದ್ದನ್ನ 9ಎ ಅಂದ್ರೆ ಚಕ್ರದಲ್ಲಿ ಪಕ್ಕದ ಮನೆ, ಹೆಂಗೋ ಹೊಂದ್ಕೊಳ್ಳುತ್ತೆ, ಕುಣಿಯೋರಿಗೆ ಗೊತ್ತೇ ಆಗಲ್ಲ. 11ಬಿ, ಅಂದ್ರೆ ಎ ಮೇಜರ್, ಅಂದ್ಬಿಟ್ರೆ ಮುಂದಿನ ಹಾಡಿನ ಗಾಯಕಿ ಬಾಯಿ ಬಿಟ್ಟ ತಕ್ಷಣ ಎಲ್ಲಾರೂ ಒಟ್ಟಿಗೆ ತಿರುಗಿ ನಮ್ಮನ್ನ ನೋಡ್ತಾರೆ. ಹಾಗಾಗಿ ಇಷ್ಟು ಪರ್ಸೆಂಟ್ ಕರೆಕ್ಟ್ ಅನ್ನೋ ಜಾಹೀರಾತು ಬಿಟ್ಟು, ತಪ್ಪಿದಾಗ ಎಲ್ಲಿ ಹೋಗಿ ಬೀಳುತ್ತೆ ಅಂತ ನೋಡಿ ಸಾಫ್ಟ್‌ವೇರ್ ಆರಿಸ್ಕೋಬೇಕು ಅನ್ನೋದು ನನ್ನ ವಾದ.

ಈ ವಾದಾನ ನಮ್ಮ ಗೆಳೆಯನಿಗೆ ಹೇಳಿ ಪ್ರಯೋಜನ ಇಲ್ಲ. ನಮ್ ಜೊತೆ ಡೀಜೆ ಮಾಡೋ ಈ ಮಹಾಶಯನಿಗೆ ಹಾಡಿಗೆ ಹೆಸರಿರುತ್ತೆ ಅನ್ನೋದೇ ಮರ್ತುಹೋಗಿದೆ. ಹೊಸ ಹಾಡು ಕಳಿಸಿ ‘ಹೆಂಗಿದೆ’ ಅಂದ್ರೆ ‘ನಂಬರ್ ಎಷ್ಟು ಗುರೂ?’ ಅಂತ ಬರುತ್ತೆ ಉತ್ತರ. ‘ಆ 5ಎ ಸೂಪರ್ ಆಗಿತ್ತಲ್ಲ’ ಅಂತಾನೆ, ಯಾವ 5ಎ ಮಾರಾಯ, ನೂರಾರು ಇದಾವೆ. ಒಂದ್ಸಲ ಪಾರ್ಟಿಲಿ ಜನ ಭರ್ಜರಿಯಾಗಿ ಕುಣೀತಿದ್ರು, ಒಂದು ಹುಡುಗಿ ಬಂದು ಯಾವ್ದೋ ಹಾಡು ಕೇಳಿದ್ಳು, ಅದು ಅವನ ಹತ್ರ ಇತ್ತು ಕೂಡ. ಇವನು ಫೋನ್ ತೆಗೆದು ಚಕ್ರ ನೋಡಿ ‘ಅದು 4ಎ ಅಲ್ವಾ, ನಾನೀಗ 10ಎನಲ್ಲಿದೀನಿ’ ಅಂದ. ಆ ಹುಡುಗಿ ಸರಿ ಅಂತ ಹೊರಡೋಕೆ ನೋಡಿದ್ರೆ ಇವನು ಬಿಡಲಿಲ್ಲ, ಪರದೆ ಅವಳ ಮುಖಕ್ಕೆ ಹಿಡಿದು ‘ನೋಡಿ, ಗಡಿಯಾರದಲ್ಲಿ ಎದುರುಬದುರು, ಈ ಕಡೆಯಿಂದ ಬಂದ್ರೂ ಆರು ಹೆಜ್ಜೆ ಆ ಕಡೆಯಿಂದ ಬಂದ್ರೂ ಆರು ಹೆಜ್ಜೆ’ ಅಂತ ವಿವರಿಸಿದ. ಅವಳು ಹೂಂ ಹೂಂ ಅಂದ್ಳು. ‘ಮಧ್ಯ ಐದೇ ಹಾಡು, ಬಂದ್ಬಿಡುತ್ತೆ’ ಅಂತ ಭರವಸೆ ಬೇರೆ. ಮಾತಿಗೆ ತಪ್ಪೋನಲ್ಲ ನಮ್ಮ ಹುಡುಗ, 11ಎ, 12ಎ, 1ಎ, 2ಎ, 3ಎ ಅಂತ ಒಂದೊಂದೇ ಮೆಟ್ಟಿಲು ಹತ್ತಿದ, ಅದ್ರಲ್ಲಿ ಒಂದಂತೂ ಯಾರಿಗೂ ಬೇಡದ ಹಾಡು, ನಂಬರ್ ಸರಿ ಇದೆ ಅಂತ ಹಾಕಿದ್ದು. ಕೊನೆಗೆ 4ಎ ಬಂತು, ಮಿಕ್ಸ್ ಬೆಣ್ಣೆ ಥರ ಕೂತ್ಕೊಳ್ತು, ಇವನು ಕೈ ಎತ್ತಿ ಆ ಹುಡುಗಿನ ಹುಡುಕ್ತಾನೆ, ಅವಳು ಯಾವಾಗ್ಲೋ ಮನೆಗೆ ಹೋಗಿದ್ಳು.

ಇಷ್ಟೆಲ್ಲಾ ಲೆಕ್ಕ ಇಡೋನು ಸ್ಪೀಡ್ ಲೆಕ್ಕ ಮಾತ್ರ ಇಡಲ್ಲ. ಸ್ಪೀಡ್ ಬದಲಾದ್ರೂ ಶ್ರುತಿ ಕದಲದಂಗೆ ಹಿಡಿಯೋ ಕೀ ಲಾಕ್ ಆಫ್ ಮಾಡಿ ಒಂದು ಹಾಡಿನ ಸ್ಪೀಡ್ 6 ಪರ್ಸೆಂಟ್ ಜಾಸ್ತಿ ಮಾಡಿದ್ರೆ ಶ್ರುತಿ ಹೆಚ್ಚುಕಮ್ಮಿ ಅರ್ಧ ಸ್ವರ ಮೇಲೆ ಹೋಗುತ್ತೆ, 8ಎ ಇದ್ದಿದ್ದು 3ಎ ಆಗಿಬಿಡುತ್ತೆ. ಹಾಗೇ ಮಾಡಿ, ಅದ್ರ ಮೇಲೆ ಇನ್ನೊಂದು 8ಎ ಬಿಟ್ಟು, ಎರಡೂ ಕಚ್ಚಾಡ್ತಾ ಇದ್ರೆ ‘ಲೋ, ಕೇಳಿಸ್ತಿಲ್ವೇನೋ’ ಅಂದೆ. ‘ಎರಡೂ 8ಎನೇ ಮಗಾ, ನಿನ್ ಕಿವಿ ತೋರಿಸ್ಕೋ’ ಅಂದ.

ನಾನೂ ಈಗೀಗ ಲೈಬ್ರರಿ ತೆಗೆದು ಕೀ ಕಾಲಮ್ ಒತ್ತಿ ಸಾಲಾಗಿ ಜೋಡಿಸ್ತೀನಿ ಬಿಡಿ. ಮೊದ್ಲೆಲ್ಲಾ ಹೆಡ್‌ಫೋನ್ ಒಂದು ಕಿವಿಗೆ ಒತ್ಕೊಂಡು, ಎರಡು ಹಾಡೂ ಒಟ್ಟಿಗೆ ಕೇಳಿ, ಮುಖ ಹುಳಿ ಆದ್ರೆ ಬೇರೆ ಹಾಕೋದು, ಅಷ್ಟೇ ಇತ್ತು. ಅದಕ್ಕೋಸ್ಕರ ಹಾಡನ್ನ ಪೂರ್ತಿ ಕೇಳಿರ್ತಿದ್ವಿ, ಬೇಸ್ ಎಲ್ಲಿ ನಿಲ್ಲುತ್ತೆ, ಹಾಡೋರು ಎಲ್ಲಿ ಉಸಿರು ತಗೋತಾರೆ ಅನ್ನೋದೆಲ್ಲಾ ಬಾಯಿಪಾಠ. ಈಗ ನನ್ನ ಲೈಬ್ರರಿಯಲ್ಲಿ ನಂಬರ್ ಗೊತ್ತಿದ್ದು ಮುಖ ಗೊತ್ತಿಲ್ಲದ ಹಾಡುಗಳೇ ಜಾಸ್ತಿ.

ಆ ಮೂರು ಉತ್ತರದ ಟ್ರ್ಯಾಕಿಗೆ ಕೊನೆಗೂ ಒಂದು ದಾರಿ ಸಿಕ್ತು. ಎಂಪಿ3 ಫೈಲಲ್ಲಿ ಹಾಡಿನ ವಿವರ ಬರೆದಿಡೋ ಐಡಿ3 ಟ್ಯಾಗಲ್ಲಿ ಕೀ ಬರೆಯೋಕೆ ಮೂರೇ ಅಕ್ಷರದ ಜಾಗ ಇರೋದು, ಅದ್ರ ನಿಯಮ ಬರೆದ ಪುಣ್ಯಾತ್ಮರು ಒಂದು ಬಾಗಿಲು ತೆರೆದಿಟ್ಟಿದಾರೆ, ಯಾವ ಕೀಗೂ ಸೇರದೇ ಇದ್ರೆ ಇಂಗ್ಲಿಷಿನ ಸಣ್ಣ ‘ಓ’ ಅಕ್ಷರ ಒಂದನ್ನೇ ಹಾಕಿ ಅಂತ. ಯಾವ ಸಾಫ್ಟ್‌ವೇರೂ ನನಗೆ ಇದನ್ನ ಹಾಕಿಕೊಟ್ಟಿರಲಿಲ್ಲ, ನಾನೇ ಕೈಯಾರೆ ಟೈಪ್ ಮಾಡಿ, ಹೆಸರಿನ ಮುಂದಿದ್ದ ನಂಬರ್ ಕಸ ಎಲ್ಲಾ ಗುಡಿಸಿ, ನಮ್ಮ ಗೆಳೆಯನಿಗೆ ಕಳಿಸ್ದೆ.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ‘ಗುರೂ, ಇದು ಸೊನ್ನೆ ಅಂತ ತೋರಿಸ್ತಿದೆ. ಸೊನ್ನೆ ಅಂದ್ರೆ 12ಕ್ಕೂ 1ಕ್ಕೂ ಮಧ್ಯ ಬರುತ್ತಾ?’

ಹೌದು ಕಣೋ ಅಂದೆ. ಅವತ್ತಿಂದ 12ಎ ಆದ್ಮೇಲೆ ಅದನ್ನ ಹಾಕಿ ಆಮೇಲೆ 1ಎ ಹಾಕ್ತಾನೆ. ಬರೀ ಡ್ರಮ್ ಇರೋ ಜಾಗದಲ್ಲೇ ದಾಟ್ಕೊಂಡು ಹೋಗೋದ್ರಿಂದ ಚೆನ್ನಾಗೇ ಹೊಂದುತ್ತೆ, ಇನ್ನೂ ಒಂದೆರಡು ಸೊನ್ನೆ ಇದ್ರೆ ಕಳ್ಸು ಅಂತ ದಿನಾ ಪೀಡಿಸ್ತಿದಾನೆ.