ರಷ್ಯಾ ಅಳೆಯಲು ಎರಡು ಸೇರು

ಜಗತ್ತಿನ ಸೇನೆಗಳಿಗೆಲ್ಲ ರ‍್ಯಾಂಕ್ ಕೊಡುವ ‘ಗ್ಲೋಬಲ್ ಫೈರ್‌ಪವರ್’ ಅಂತ ಒಂದು ಪಟ್ಟಿ ಇದೆ. 2022ರ ಪಟ್ಟಿಯಲ್ಲಿ ರಷ್ಯಾಕ್ಕೆ 2ನೇ ಸ್ಥಾನ, ಉಕ್ರೇನ್‌ಗೆ 22ನೇ ಸ್ಥಾನ. ಇವರಿಬ್ಬರಿಗೂ ಜಗಳ ಬಿದ್ದರೆ ಯಾರು ಗೆಲ್ಲುತ್ತಾರೆ ಅಂತ ಹೇಳೋಕೆ ತಜ್ಞರೇ ಬೇಕಾ? ಆದರೂ ತಜ್ಞರು ಬಂದು ಹೇಳಿದರು. ರಷ್ಯಾ ದಾಳಿ ಮಾಡಿದರೆ ಉಕ್ರೇನಿನ ರಾಜಧಾನಿ ಕೀವ್ 72 ಗಂಟೆಯಲ್ಲಿ ಬೀಳಬಹುದು ಎಂದು ಅಮೆರಿಕದ ಆಗಿನ ಸೇನಾ ಮುಖ್ಯಸ್ಥ ಮಾರ್ಕ್ ಮಿಲಿ ಅಲ್ಲಿನ ಸಂಸದರಿಗೆ ತಿಳಿಸಿದ್ದಾಗಿ ವರದಿಯಾಯಿತು.

ಕೀವ್ ಬೀಳಲಿಲ್ಲ. ಊರಿನ ಉತ್ತರಕ್ಕೆ ಸುಮಾರು 64 ಕಿಲೋಮೀಟರ್ ಉದ್ದಕ್ಕೂ ರಷ್ಯಾದ ಟ್ಯಾಂಕು, ಲಾರಿಗಳು ಸಾಲುಗಟ್ಟಿದವು. ಉಪಗ್ರಹದ ಚಿತ್ರ ಬಂದ ದಿನ ಎಲ್ಲರೂ ‘ಅಬ್ಬಾ, ಏನು ಬಲ!’ ಅಂದರು. ದಿನಗಳು ಕಳೆದರೂ ಸಾಲು ಕದಲಲಿಲ್ಲ. ಆಗ ಅದೇ ಚಿತ್ರ ನೋಡಿ ಅದೇ ಜನ ‘ಅಯ್ಯೋ, ಡೀಸೆಲ್‌ಗೂ ಗತಿ ಇಲ್ಲ’ ಅಂದರು.

ಅಲ್ಲಿಂದ ಟೈರ್ ಪಂಡಿತರ ಕಾಲ ಶುರುವಾಯಿತು. ಕೆಸರಲ್ಲಿ ಹೂತು, ಟೈರ್ ಹರಿದು ನಿಂತ ಒಂದು ಪಾಂತ್ಸಿರ್ ಕ್ಷಿಪಣಿ ವಾಹನದ ಫೋಟೊ ಸಿಕ್ಕಿತು ನೋಡಿ. ರಬ್ಬರ್ ಎಲ್ಲಿ ಬಿರುಕು ಬಿಟ್ಟಿದೆ, ಬಿಸಿಲಲ್ಲಿ ಎಷ್ಟು ಕಾಲ ನಿಲ್ಲಿಸಿದ್ದರು, ಟೈರ್ ದುಡ್ಡು ಯಾರು ತಿಂದರು ಅಂತ ಕೂತಲ್ಲೇ ವರದಿ ತಯಾರಾಯಿತು. ಒಂದು ಗಾಲಿ ನೋಡಿ ಇಡೀ ಸೇನೆಗೆ ಜಾತಕ ಬರೆದರು. ದುಡ್ಡು ತಿನ್ನುವ ಮಾತು ಸುಳ್ಳೇನಲ್ಲ, ಬಿಡಿ. ರಷ್ಯಾದ ರಕ್ಷಣಾ ಉಪಸಚಿವ ತಿಮೂರ್ ಇವಾನೋವ್ 2024ರ ಏಪ್ರಿಲ್‌ನಲ್ಲಿ ಲಂಚದ ಆರೋಪದ ಮೇಲೆ ಜೈಲು ಸೇರಿದರು. ಅದಕ್ಕೂ ಹಿಂದೆ ರಕ್ಷಣಾ ಸಚಿವರಾಗಿದ್ದ ಸೆರ್ದ್ಯುಕೋವ್ ಒಂದು ಕಾಲಕ್ಕೆ ಫರ್ನಿಚರ್ ವ್ಯಾಪಾರದಲ್ಲಿದ್ದವರು. 2008ರಲ್ಲಿ ಜಾರ್ಜಿಯಾವನ್ನು ಐದು ದಿನದಲ್ಲಿ ಸೋಲಿಸಿದರೂ ಸೇನೆ ಹಳೇ ಸಾಮಾನು ಅಂತ ಎಲ್ಲರೂ ಆಡಿಕೊಂಡಾಗ, ಅದನ್ನು ಹೊಸದು ಮಾಡುವ ಕೆಲಸ ಅವರ ಪಾಲಿಗೆ ಬಂದಿತ್ತು. 2012ರಲ್ಲಿ ಅವರ ಕುರ್ಚಿಯೂ ಹಗರಣದಲ್ಲೇ ಹೋಯಿತು.

ಕ್ರೆಮ್ಲಿನ್‌ನವರ ಅಳತೆ ಇನ್ನೂ ಸೊಗಸು. 2022ರ ಏಪ್ರಿಲ್ 14ರಂದು ಕಪ್ಪು ಸಮುದ್ರದ ಅವರ ದೊಡ್ಡ ಹಡಗು ‘ಮಾಸ್ಕ್ವಾ’ ಮುಳುಗಿತು. ನಮ್ಮ ಎರಡು ನೆಪ್ಚೂನ್ ಕ್ಷಿಪಣಿ ಬಿದ್ದವು ಅಂತ ಉಕ್ರೇನ್ ಹೇಳಿತು. ಛೇ ಛೇ, ಹಡಗಲ್ಲಿ ತಾನಾಗೇ ಬೆಂಕಿ ಹತ್ತಿತು, ಮದ್ದುಗುಂಡು ಸಿಡಿಯಿತು, ಎಳೆದು ತರುವಾಗ ಬಿರುಗಾಳಿ ಬಂತು ಅಂತ ರಷ್ಯಾ ಹೇಳಿತು. ಶತ್ರು ಹೊಡೆದ ಅನ್ನೋದಕ್ಕಿಂತ ನಮ್ಮವರೇ ಸುಟ್ಟುಕೊಂಡರು ಅನ್ನೋದರಲ್ಲಿ ಮರ್ಯಾದೆ ಜಾಸ್ತಿ! ವಶಪಡಿಸಿಕೊಂಡಿದ್ದ ಉಕ್ರೇನಿನ ಸ್ನೇಕ್ ದ್ವೀಪ ಬಿಟ್ಟು ಓಡಿದ್ದು ‘ಸದ್ಭಾವನೆಯ ಸಂಕೇತ’. ಹಾರ್ಕಿವ್‌ನಿಂದ ಕಾಲ್ಕಿತ್ತಿದ್ದು ‘ಮರುಜೋಡಣೆ’. ‘ರಷ್ಯಾ ಇಲ್ಲಿ ಶಾಶ್ವತ’ ಅಂತ ಹೋರ್ಡಿಂಗ್ ಹಾಕಿದ್ದ ಹೆರ್ಸಾನ್ ನಗರದ ಶಾಶ್ವತ ನವೆಂಬರ್‌ಗೆ ಮುಗಿಯಿತು. ಇದನ್ನೆಲ್ಲ ಯುದ್ಧ ಅಂತ ಕರೆದವರಿಗೆ ಜೈಲು ಕಾದಿತ್ತು. ಸೇನೆಯ ಬಗ್ಗೆ ‘ಸುಳ್ಳು’ ಹರಡಿದರೆ 15 ವರ್ಷದವರೆಗೆ ಒಳಗೆ ಹಾಕುವ ಕಾನೂನು ಮಾರ್ಚ್‌ನಲ್ಲೇ ಬಂದಿತ್ತು.

ಸೆಪ್ಟೆಂಬರ್‌ನಲ್ಲಿ 3 ಲಕ್ಷ ಜನರನ್ನು ಸೇನೆಗೆ ಎಳೆದು ತಂದರು. ಹೊಸಬರ ಮುಂದೆ ನಿಂತ ಸಮವಸ್ತ್ರದ ಮಹಿಳೆಯೊಬ್ಬರು, ಗಾಯಕ್ಕೆ ತುರುಕಲು ಹೆಂಡತಿ, ಗೆಳತಿಯರ ಹತ್ತಿರ ಸ್ಯಾನಿಟರಿ ಪ್ಯಾಡು, ಟ್ಯಾಂಪೂನು ಕೇಳಿ ತನ್ನಿ ಅನ್ನುವ ವಿಡಿಯೊ ಹರಿದಾಡಿತು. ಮುಂದಿನ ಮೇ 9ರಂದು ವಿಜಯ ದಿನದ ಪರೇಡ್. ರೆಡ್ ಸ್ಕ್ವೇರ್‌ಗೆ ಬಂದಿದ್ದು ಒಂದೇ ಒಂದು ಟ್ಯಾಂಕು. ಅದೂ ಎರಡನೇ ಮಹಾಯುದ್ಧದ ಕಾಲದ ಟಿ-34. ಉತ್ತರನ ಪೌರುಷ ಒಲೆ ಮುಂದೆ ಅಂತಾರೆ. ಇವರಿಗೆ ಕ್ರೆಮ್ಲಿನ್ ಗೋಡೆ ಮುಂದೆಯೂ ಅದು ಸಾಲದೇ ಬಂತು. ರ‍್ಯಾಂಕ್ ಪಟ್ಟಿಯವರು ಮಾತ್ರ ವಿಚಲಿತರಾಗಲಿಲ್ಲ. ಹಡಗು ಮುಳುಗಿದರೂ, ಟ್ಯಾಂಕು ಸುಟ್ಟರೂ, ಬಾಡಿಗೆ ಪಡೆಯ ಪ್ರಿಗೋಜಿನ್ ದಂಗೆ ಎದ್ದು ಅವನ ಜನ ಮಾಸ್ಕೋಗೆ ಸುಮಾರು 200 ಕಿಲೋಮೀಟರ್ ಹತ್ತಿರ ಬಂದರೂ, ಅವರ ಪಟ್ಟಿಯಲ್ಲಿ ರಷ್ಯಾ ವರ್ಷ ವರ್ಷವೂ ಎರಡನೇ ಸ್ಥಾನದಲ್ಲೇ ಇತ್ತು. ನಮ್ಮ ಕೆಲವು ವಿಶ್ವವಿದ್ಯಾಲಯಗಳೂ ಇವರ ಹತ್ತಿರವೇ ರ‍್ಯಾಂಕ್ ಕೇಳಬೇಕು.

ಈಗ ಯುರೋಪಿಗೆ ಬನ್ನಿ. ಅಲ್ಲಿನ ದೊಡ್ಡವರ ಹತ್ತಿರ ಹಳೇ ಕಾಲದ ಕೆಲವು ಅಂಗಡಿಗಳಂತೆ ಎರಡು ಸೇರು ಇವೆ, ಕೊಡೋಕೆ ಒಂದು, ತಗೊಳ್ಳೋಕೆ ಇನ್ನೊಂದು. 2022ರ ಸೆಪ್ಟೆಂಬರ್‌ನಲ್ಲಿ ಜನರಿಗೆ ಧೈರ್ಯ ಕೊಡಬೇಕಿತ್ತು. ಯುರೋಪಿಯನ್ ಕಮಿಷನ್ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲಯೆನ್ ಸಣ್ಣ ಸೇರು ಹಿಡಿದರು. ರಷ್ಯಾದವರು ಪಾತ್ರೆ ತೊಳೆಯುವ ಯಂತ್ರ, ಫ್ರಿಜ್‌ಗಳಿಂದ ಚಿಪ್ ಕಿತ್ತು ಯುದ್ಧ ಸಾಮಗ್ರಿ ರಿಪೇರಿ ಮಾಡ್ತಿದ್ದಾರೆ, ಅವರ ಕೈಗಾರಿಕೆ ಚಿಂದಿಯಾಗಿದೆ ಅಂದರು. ತಿಂಗಳು ಕಳೆಯುವುದರೊಳಗೆ, ಅಕ್ಟೋಬರ್ 10ರಂದು, ಅದೇ ಫ್ರಿಜ್ ಕಿತ್ತ ದೇಶ ಉಕ್ರೇನಿನ ಊರೂರಿಗೆ, ಉಕ್ರೇನಿನದೇ ಲೆಕ್ಕದಲ್ಲಿ, ಒಂದೇ ದಿನ 80ಕ್ಕೂ ಹೆಚ್ಚು ಕ್ಷಿಪಣಿ ಬಿಟ್ಟಿತು. ಸತ್ತವರಿಗೆ ಅದು ಫ್ರಿಜ್ಜಿನ ಚಿಪ್ಪಾ, ಕಾರ್ಖಾನೆಯ ಚಿಪ್ಪಾ ಅಂತ ಕೇಳಲು ಪುರುಸೊತ್ತು ಸಿಗಲಿಲ್ಲ.

2025ರ ಜೂನ್‌ಗೆ ದುಡ್ಡು ಕೇಳಬೇಕಾಗಿ ಬಂತು. ದೊಡ್ಡ ಸೇರು ಹೊರಬಂತು. ನ್ಯಾಟೋದ ಇಡೀ ವರ್ಷದ ಮದ್ದುಗುಂಡನ್ನು ರಷ್ಯಾ ಮೂರೇ ತಿಂಗಳಲ್ಲಿ ತಯಾರಿಸುತ್ತದೆ, ಐದು ವರ್ಷದೊಳಗೆ ನಮ್ಮ ಮೇಲೇ ಬೀಳಲು ಸಿದ್ಧವಾಗಬಹುದು ಅಂತ ನ್ಯಾಟೋ ಮುಖ್ಯಸ್ಥ ಮಾರ್ಕ್ ರುಟ್ಟೆ ಎಚ್ಚರಿಸಿದರು. ಅದೇ ತಿಂಗಳು ಹೇಗ್ ನಗರದಲ್ಲಿ ಸೇರಿದ ಸದಸ್ಯರು 2035ರ ಹೊತ್ತಿಗೆ ಜಿಡಿಪಿಯ ಶೇ 5ರಷ್ಟು ರಕ್ಷಣೆಗೆ ಇಡಲು ಒಪ್ಪಿಕೊಂಡರು. ರುಟ್ಟೆ ಹೇಳಿದ್ದರಲ್ಲಿ ನಿಜವೂ ಇತ್ತು. ಕಾರ್ಖಾನೆಗಳು ಹಗಲು ರಾತ್ರಿ ನಡೆದವು, ಸೋತ ಸೇನೆ ಪಾಠ ಕಲಿಯಿತು. ಆದರೆ ಮೂರು ವರ್ಷದ ಹಿಂದೆ ಜನರಿಗೆ ಫ್ರಿಜ್ ತೋರಿಸಿ ನಗಿಸಿದ್ದವರು, ಆ ಫ್ರಿಜ್ ಯಾವಾಗ ರಿಪೇರಿ ಆಯ್ತು ಅಂತ ಒಂದು ಮಾತು ಹೇಳಬಾರದಾ?

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಸಾಹೇಬರು ಎಲ್ಲ ಸೇರುಗಳನ್ನೂ ಪಕ್ಕಕ್ಕಿಟ್ಟು, ರಷ್ಯಾ ಕಾಗದದ ಹುಲಿ ಥರ ಕಾಣ್ತಿದೆ ಅಂದುಬಿಟ್ಟರು. ಅಕ್ಟೋಬರ್‌ನಲ್ಲಿ ಸೋಚಿಯ ಸಭೆಯಲ್ಲಿ ಪುಟಿನ್ ತಿರುಗಿ ಕೇಳಿದರು: ನಾವು ಇಡೀ ನ್ಯಾಟೋ ಎದುರು ಹೋರಾಡ್ತಾ ಮುಂದೆ ಹೋಗ್ತಿದ್ದೇವೆ, ನಾವು ಕಾಗದದ ಹುಲಿಯಾದರೆ ನ್ಯಾಟೋ ಏನು? ಇದಕ್ಕೆ ನ್ಯಾಟೋ ಕಚೇರಿ ಇರುವ ಬ್ರಸೆಲ್ಸ್‌ನಿಂದ ಉತ್ತರ ಬರುವ ಲಕ್ಷಣ ಇಲ್ಲ. ಹುಲಿ ಕಾಗದದ್ದು ಅಂತ ಒಪ್ಪಿಕೊಂಡರೆ, ಬೋನಿನ ಟೆಂಡರ್ ಯಾರು ಪಾಸ್ ಮಾಡ್ತಾರೆ?