ಎಂಟನೆಯ ಭಾಷೆ

ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ಹೊಗಳುವವರು ಎಂಟನೆಯದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಅದು ‘ಅಡ್ಜಸ್ಟ್’. ತುಳುವಿನಲ್ಲಿ ‘ಒಂತೆ ಅಡ್ಜಸ್ಟ್ ಮಲ್ಪುಲೆ’, ಹವ್ಯಕದಲ್ಲಿ ‘ರಜ್ಜ ಅಡ್ಜಸ್ಟ್ ಮಾಡಿ’, ಮಲಯಾಳದಲ್ಲಿ ‘ಕುರಚ್ಚ್ ಅಡ್ಜಸ್ಟ್ ಚೆಯ್ಯಣೇ’. ಹಿಂದುಮುಂದಿನ ಮಾತು ಬೇರೆಬೇರೆ, ನಡುವಿನ ದೇವರು ಒಬ್ಬನೇ.

ಲ್ಯಾಟಿನ್ ಮೂಲದಲ್ಲಿ ಇದಕ್ಕೆ ಹತ್ತಿರಕ್ಕೆ ತರುವುದು ಎಂದರ್ಥ. ಆ ಮೂಲಾರ್ಥವನ್ನು ಕೆಡದಂತೆ ಕಾಪಾಡಿಕೊಂಡು ಬಂದವರು ತಲಪಾಡಿ ದಾರಿಯ ಬಸ್ಸಿನವರು. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಸಿಗುವುದು ಅರ್ಧ ಕುಂಡೆಯ ಜಾಗ. ಟಿಕೇಟು ಮಾತ್ರ ಪೂರ್ತಿ.

ಗ್ಯಾರೇಜಿನ ಅಡ್ಜಸ್ಟಿಗಾದರೂ ಅಳತೆಯಿದೆ. ಬೈಕಿನ ಹಿಂದಿನ ಡ್ರಮ್ ಬ್ರೇಕಿನ ಪೆಡಲ್ ಸುಮಾರು 20ರಿಂದ 30 ಮಿಲಿಮೀಟರ್ ಸಡಿಲ ಆಡಬೇಕು. ಹೆಚ್ಚು ಆಡಿದರೆ ರಾಡಿನ ತುದಿಯ ನಟ್ಟನ್ನು ಅರ್ಧರ್ಧ ಸುತ್ತು ಬಿಗಿದು, ಪ್ರತಿ ಸಲ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಬಿಗಿ ಅತಿಯಾದರೆ ಒಳಗಿನ ಬ್ರೇಕ್ ಶೂ ಡ್ರಮ್ಮಿಗೆ ಉಜ್ಜಿ ಕಾಯುತ್ತದೆ, ಬೈಕು ಪೆಟ್ರೋಲು ಕುಡಿಯುತ್ತದೆ. ಪೆಡಲ್ ಒತ್ತಿದಾಗ ಬ್ರೇಕ್ ತೋಳಿನ ಬಾಣ ಪ್ಲೇಟಿನ ಗುರುತನ್ನು ಮುಟ್ಟಿತೋ, ಶೂ ಸವೆದುಹೋಗಿದೆ. ಇನ್ನೆಷ್ಟು ನಟ್ಟು ತಿರುಗಿಸಿದರೂ ಫಲವಿಲ್ಲ, ಶೂವನ್ನೇ ಬದಲಿಸಬೇಕು.

ಸರಕಾರಿ ಅಡ್ಜಸ್ಟಿಗೆ ಆ ಬಾಣ ಇಟ್ಟಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಟ್ಟು ಒಂದೇ ದಿಕ್ಕಿಗೆ ತಿರುಗುತ್ತಿದೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದು 1967ರಲ್ಲಿ ಮಹಾಜನ ಆಯೋಗ ಬರೆದ ವರದಿ ಕಪಾಟಿನೊಳಗೆ ಚೆನ್ನಾಗಿ ಅಡ್ಜಸ್ಟ್ ಆಗಿದೆ. ಕುಂಬಳೆ ತನ್ನ ಎಕಾರ ಬಿಟ್ಟುಕೊಟ್ಟು ‘ಕುಂಬಳ’ ಆಯಿತು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಮಾಷ್ಟ್ರು ಬಂದರೆ ಅಡ್ಜಸ್ಟ್ ಮಾಡಬೇಕಾದ್ದು ಮಕ್ಕಳು. ಈ ಕ್ರಿಯಾಪದಕ್ಕೆ ಉತ್ತಮಪುರುಷವೇ ಇಲ್ಲ ನೋಡಿ! ‘ನಾನು ಅಡ್ಜಸ್ಟ್ ಮಾಡುತ್ತೇನೆ’ ಎಂದ ಅಧಿಕಾರಿ ಯಾವ ಕೌಂಟರಿನಲ್ಲೂ ಸಿಕ್ಕಿದ್ದಿಲ್ಲ.

ಇಲ್ಲಿನ ಕನ್ನಡಿಗರು ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಕೊಡಬೇಕು ಎನ್ನುತ್ತದೆ 1969ರ ಕೇರಳ ರಾಜಭಾಷಾ ಕಾಯ್ದೆ. ಅದನ್ನು ನಂಬಿ ಅರ್ಜಿ ಹಾಕುವವರು ಎರಡು ಪ್ರತಿ ಮಾಡಿ, ಒಂದಕ್ಕೆ ತಾರೀಕು ಸಮೇತ ಸೀಲು ಹಾಕಿಸಿಕೊಳ್ಳಿ. ಉತ್ತರ ಮಲಯಾಳದಲ್ಲಿ ಬಂದರೆ ಅದರ ಜೆರಾಕ್ಸ್ ಲಗತ್ತಿಸಿ, ಕನ್ನಡದ ಉತ್ತರ ಬೇಕೆಂದು ಇನ್ನೊಂದು ಅರ್ಜಿ ಹಾಕಿ. ಅದಕ್ಕೆ ಬರುವ ಉತ್ತರವನ್ನು ಓದಿ ಹೇಳಲು ಮಲಯಾಳ ಬಲ್ಲ ನೆರೆಕರೆಯವರೊಬ್ಬರನ್ನು ಈಗಲೇ ಅಡ್ಜಸ್ಟ್ ಮಾಡಿ ಇಟ್ಟುಕೊಳ್ಳಿ.