ಮೂರನೇ ಹೆಜ್ಜೆಯ ಕೊತ್ತಂಬರಿ

ನನ್ನ ಲ್ಯಾಪ್‌ಟಾಪಿನ ಪ್ರಿಂಟ್ ಸ್ಕ್ರೀನ್ ಕೀ ಸತ್ತಿದ್ದು ಗಿರ್ಮಿಟ್ ತಿಂದು. ಅಂದರೆ ತಿಂದದ್ದು ನಾನು, ಸತ್ತದ್ದು ಅದು. ಹುಬ್ಬಳ್ಳಿಯಲ್ಲಿ ಮಳೆ ಹಿಡಿದ ಸಂಜೆ ಗಿರ್ಮಿಟ್, ಮಿರ್ಚಿ ಇಲ್ಲದೆ ಕೆಲಸ ಮಾಡುವವರು ಯಾರಾದರೂ ಇದ್ದರೆ ಅವರಿಗೊಂದು ದೊಡ್ಡ ನಮಸ್ಕಾರ. ಹುಣಸೆ ರಸದಲ್ಲಿ ನೆಂದ ಒಂದೇ ಒಂದು ಚುರುಮುರಿ ಜಾರಿ ಕೀ ಸಂದಿಗೆ ಇಳಿಯಿತು. ಪಕ್ಕದ ಸ್ಕ್ರಾಲ್ ಲಾಕ್ ಮೇಲೆ ಬಿದ್ದಿದ್ದರೆ ಈ ಜನ್ಮದಲ್ಲಿ ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ನಾನು ಧಾರವಾಡದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವನು. 60 ಹುಡುಗರಿಗೆ ಲ್ಯಾಬ್ ಪುಸ್ತಕ ಮಾಡಿಕೊಡಬೇಕಿತ್ತು. ಮೊದಲು ಇಲ್ಲಿ ಒತ್ತಿ, ಆಮೇಲೆ ಅಲ್ಲಿ ಒತ್ತಿ, ಚಿತ್ರ ಸಮೇತ. ಪರದೆಯ ಚಿತ್ರ ತೆಗೆಯುವುದು ಸತ್ತುಹೋದ ಆ ಕೀಯೇ. ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ.

"ಮಾಮಾ, ಕೀ ಹೋದ್ರ ಹೋಗ್ಲಿ ಬಿಡ್ರಿ. ಟರ್ಮಿನಲ್ ತಗೀರಿ, ಸ್ಕ್ರಾಟ್ ಅಂತ ಹೊಡೀರಿ, ಮುಗೀತು."

ಟರ್ಮಿನಲ್ ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ, ಸ್ಕ್ರಾಟ್ ಅಂದರೆ ಪರದೆಯ ಚಿತ್ರ ತೆಗೆಯುವ ಸಣ್ಣ ತಂತ್ರಾಂಶ. ಹಾಕಿಕೊಂಡೆ, ಹೊಡೆದೆ. ಚಿತ್ರವೂ ಬಂತು. ತೆರೆದು ನೋಡಿದರೆ ಅದರಲ್ಲಿ ಇದ್ದದ್ದು ನನ್ನದೇ ಟರ್ಮಿನಲ್ಲು, ಸ್ಕ್ರಾಟ್ ಎಂಬ ಒಂದೇ ಶಬ್ದ. ಮದುವೆ ಫೋಟೋ ತೆಗಿ ಅಂದರೆ ಫೋಟೋದವನು ತನ್ನ ಮುಖವನ್ನೇ ತೆಗೆದುಕೊಂಡು ಬಂದ ಹಾಗೆ. ಫೈಲಿನ ಹೆಸರನ್ನೂ ತಾನೇ ಇಟ್ಟಿತ್ತು: ತಾರೀಖು, ಗಂಟೆ, ನಿಮಿಷ, ಸೆಕೆಂಡು, ಪರದೆಯ ಉದ್ದಗಲ 1366 ಮತ್ತು 768. ನಕ್ಷತ್ರ ಒಂದು ಬರೆದಿದ್ದರೆ ಜಾತಕ ಪೂರ್ತಿಯಾಗುತ್ತಿತ್ತು.

ಬೇಕೆಂದಾಗ ಹೀಗೆ. ಬೇಡವೆಂದಾಗ ಕೇಳದೆಯೇ ಬರುತ್ತದೆ. ಮರುದಿನ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠ. ಪೈಥಾನ್ ಚಾಲೂ ಮಾಡುವುದನ್ನೇ ಮರೆತು ನೇರ ಟರ್ಮಿನಲ್ಲಿನಲ್ಲಿ ಅದರ 'ಇಂಪೋರ್ಟ್ ಮ್ಯಾಥ್' ಎಂಬ ಸಾಲು ಹೊಡೆದೆ. ಕರ್ಸರ್ ಕೂಡಿಸುವ ಚಿಹ್ನೆಯಾಗಿ ನಿಂತುಬಿಟ್ಟಿತು. ಗಾಬರಿಯಿಂದ ಒಂದು ಕಡೆ ಕ್ಲಿಕ್ ಮಾಡಿದೆ. 'ಮ್ಯಾಥ್' ಎಂಬ ಫೈಲು ಹುಟ್ಟಿತು, ಅದರೊಳಗೆ ನನ್ನ ಪರದೆಯ ಚಿತ್ರ! ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶದಲ್ಲಿ ಸ್ಕ್ರೀನ್‌ಶಾಟ್ ತೆಗೆಯುವ ಆಜ್ಞೆಯ ಹೆಸರೂ ಇಂಪೋರ್ಟೇ ಅಂತೆ. "ಇದು ಮುಂದಿನ ಪಾಠದ್ದು" ಎಂದು ಗಂಭೀರವಾಗಿ ಹೇಳಿ ಪಾರಾದೆ.

ಸ್ಟಾಫ್ ರೂಮಿನ ಹೊಸ ಕಂಪ್ಯೂಟರಿನಲ್ಲಿ ಮಾಡೋಣ ಅಂದರೆ ಅಲ್ಲಿ ಇನ್ನೊಂದು. ಉಬುಂಟು 22.04 ಎಂಬ ಲಿನಕ್ಸ್. ಸ್ಕ್ರಾಟ್ ಹೊಡೆದರೆ ಚಿತ್ರ ಪೂರ್ತಿ ಕಪ್ಪು. ಉತ್ತಿಟ್ಟ ನವಲಗುಂದದ ಎರೆ ಹೊಲವಾದರೂ ಅಲ್ಲಲ್ಲಿ ಒಂದು ಕೊಕ್ಕರೆ ತೋರಿಸುತ್ತದೆ, ಇದರಲ್ಲಿ ಅದೂ ಇಲ್ಲ. ಅಳಿಯನನ್ನು ಕೇಳಿದರೆ, ಅದು ಪರದೆ ನೋಡಿಕೊಳ್ಳುವ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯ ಮೇಲೆ ಓಡುತ್ತದಂತೆ. ಅಲ್ಲಿ ಒಬ್ಬರ ಕಿಟಕಿಗೆ ಇನ್ನೊಬ್ಬರು ಇಣುಕುವ ಹಾಗಿಲ್ಲ, ಸ್ಕ್ರಾಟ್ ಹಳೇ ಕಾಲದ ಎಕ್ಸ್ ವ್ಯವಸ್ಥೆಯದು. ಲಾಗಿನ್ ಆಗುವಾಗ ಮೂಲೆಯ ಹಲ್ಲಿನ ಚಕ್ರ ಒತ್ತಿ ಕ್ಸಾರ್ಗ್, ಅಂದರೆ ಅದೇ ಹಳೇ ಎಕ್ಸ್, ಆರಿಸಿದ ಮೇಲೆ ಬೆಳಕು ಬಂತು.

ಇನ್ನು ಉಳಿದದ್ದು ಪುಸ್ತಕದ ಮೂರನೇ ಹೆಜ್ಜೆ. ಅಲ್ಲಿ ಮೆನು ತೆರೆದಿರುವಾಗಲೇ ಚಿತ್ರ ಬೇಕು. ಟರ್ಮಿನಲ್ ಕಡೆ ತಿರುಗಿದರೆ ಮೆನು ಮುಚ್ಚಿಕೊಳ್ಳುತ್ತದೆ. ಅದಕ್ಕೂ ಮದ್ದಿದೆ: ಸ್ಕ್ರಾಟ್ ಮುಂದೆ ಅಡ್ಡಗೆರೆ ಡಿ, 5 ಎಂದು ಕೊಟ್ಟರೆ ಅದು ಐದು ಸೆಕೆಂಡು ಕಾದು ತೆಗೆಯುತ್ತದೆ.

ಐದು ಸೆಕೆಂಡು ಜಾಸ್ತಿಯೇ ಅಂದುಕೊಂಡಿದ್ದೆ. ಮೊದಲ ಸಲ ಬೇರೆ ಮೆನು ತೆರೆದೆ. ಎರಡನೇ ಸಲ ಸರಿಯಾದದ್ದು ತೆರೆದು, ಖುಷಿಗೆ ಕೈ ಜರುಗಿ, ಮುಚ್ಚಿದೆ. ಮೂರನೇ ಸಲ ಗಟ್ಟಿಯಾಗಿ ಎಣಿಸತೊಡಗಿದೆ. ಒಂದು, ಎರಡು... ಚಹಾ ತಂದ ಹುಡುಗ ಬಾಗಿಲಲ್ಲೇ ನಿಂತ. "ಏನ್ ಎಣಸಾಕತ್ತೀರ್ರಿ ಸರ?" ಆ ಚಿತ್ರವೂ ಹೋಯಿತು. ಎಂಟನೇ ಸಲ ಉಸಿರು ಬಿಗಿಹಿಡಿದು, ಕಣ್ಣು ಮಿಟುಕಿಸದೆ ಮೆನುವನ್ನೇ ನೋಡುತ್ತ ಕೂತೆ. ಸಿಕ್ಕಿತು! ತಿರುಗಿ ನೋಡದೆ ಪುಸ್ತಕಕ್ಕೆ ಅಂಟಿಸಿ, ಝೆರಾಕ್ಸ್ ಅಂಗಡಿಗೆ ಕೊಟ್ಟು, ಚಿಗರಿ ಬಸ್ ಹತ್ತಿ ಮನೆಗೆ ಹೋದೆ.

ಎರಡು ದಿನ ಬಿಟ್ಟು ಪುಸ್ತಕ ಹಂಚಿದೆ. ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾಯಿತು. ಒಬ್ಬ ಎದ್ದು ನಿಂತ.

"ಸರ, ಮೂರನೇ ಸ್ಟೆಪ್‌ನಾಗ ಕೊತ್ತಂಬರಿ ಎಲ್ಲಿ ಒತ್ತಬೇಕ್ರಿ?"

ನೋಡಿದೆ. ಮೆನು ಸರಿಯಾಗಿಯೇ ಇತ್ತು. ಅದರ ಮೇಲ್ಗಡೆ ವಾಟ್ಸಾಪ್‌ನ ಒಂದು ಪಟ್ಟಿ, ಅದರಲ್ಲಿ ನನ್ನ ಹೆಂಡತಿ: 'ಬರೂ ಮುಂದ ಕೊತ್ತಂಬರಿ ತರ್ರಿ. ಹೋದ ಸಲದಂಗ ಮೆಂತೆ ಪಲ್ಲೆ ತರಬ್ಯಾಡ್ರಿ.' ನಾನು ಮೆನು ನೋಡುತ್ತಿದ್ದ ಆ ಐದು ಸೆಕೆಂಡಿನಲ್ಲೇ ಬಂದು ಹೋಗಿದೆ. ನನಗೆ ಕಾಣಲಿಲ್ಲ, ಸ್ಕ್ರಾಟ್‌ಗೆ ಕಂಡಿದೆ. ಅಂದು ರಾತ್ರಿ ಊಟಕ್ಕೆ ಬರೀ ಬ್ಯಾಳಿ ಸಾರು ಬಡಿಸಿ ಆಕೆ ಒಂದು ಮಾತೂ ಆಡದೆ ಇದ್ದದ್ದು ಯಾಕೆ ಎಂಬುದು ಆಗ ಹೊಳೆಯಿತು.

ಸಂಜೆ ಸೂಪರ್ ಮಾರ್ಕೆಟ್ಟಿನಲ್ಲಿ ಎರಡು ಸೂಡು ಕೊತ್ತಂಬರಿ ತಗೊಂಡು, ಪುಸ್ತಕದ ಒಂದು ಪ್ರತಿಯನ್ನೂ ಹಿಡಿದು ಮನೆಗೆ ಹೋದೆ. ನಗುತ್ತಾಳೆ ಅಂತ ಮೂರನೇ ಹೆಜ್ಜೆ ತೆಗೆದು ತೋರಿಸಿದೆ. ಆಕೆ ಓದಿದಳು, ಚೀಲ ಬಿಚ್ಚಿ ನೋಡಿದಳು.

"60 ಮಂದಿಗೆ ಅಚ್ಚ ಹಾಕ್ಸಿ ಹಂಚೀರಿ. ಮತ್ತ ತಂದಿದ್ದು ಮೆಂತೆ ಪಲ್ಲೇನ?"